ಯುನ್‌ಶಿಯಾ ಅಂಟಿಸಿದ ಜೋಡಿ ಹರ್ಷ

ಲುವಾನ್ ಯುನ್‌ಶಿಯಾಳ ಕೈ ಅಪಶಕುನದ ಕೈ ಎಂದು ನಮ್ಮ ಸೀಮೆಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಅಂಥವರ ಬಾಯಿಗೆ ಒಂದು ಹಿಡಿ ಮಣ್ಣು ಹಾಕಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಆ ಮಾತು ಹುಟ್ಟುವುದಕ್ಕೆ ನಾನೂ ಕಾರಣ, ಅದಕ್ಕೇ ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಮೊನ್ನೆ ಒಂದು ಸುದ್ದಿ ಬಂತು. ಇನ್ನೂ ಸುಮ್ಮನಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ನಮ್ಮದು ಚೀಶಿಯಾದ ಸೇಬಿನ ಗುಡ್ಡ. ಜೂನ್ ತಿಂಗಳಲ್ಲಿ ಒಂದೊಂದು ಕಾಯಿಗೂ ಕಾಗದದ ಚೀಲ ಕಟ್ಟುತ್ತೇವೆ, ಚಾಂದ್ರಮಾನದ ಎಂಟನೇ ತಿಂಗಳ ಹುಣ್ಣಿಮೆಯ ಆಸುಪಾಸಿನಲ್ಲಿ ಬಿಚ್ಚುತ್ತೇವೆ. ಚೀಲದಿಂದ ಹೊರಬಂದ ಹಣ್ಣು ಬಾಣಂತಿ ಕೋಣೆಯ ಕೂಸಿನ ಹಾಗೆ ಬೆಳ್ಳಗಿರುತ್ತದೆ. ಆಗಲೇ, ಬಿಸಿಲು ಬೀಳುವ ಕೆನ್ನೆಗೆ ಅಕ್ಷರದ ಸ್ಟಿಕ್ಕರ್ ಅಂಟಿಸಿಬಿಡಬೇಕು. ಮರದ ಬುಡಕ್ಕೆ ಬೆಳ್ಳಿ ಬಣ್ಣದ ಹಾಳೆ ಹಾಸಬೇಕು, ಬಿಸಿಲು ಕೆಳಗಿನಿಂದಲೂ ಹಣ್ಣಿಗೆ ತಾಗಲಿ ಎಂದು. ಹದಿನೈದು ಇಪ್ಪತ್ತು ದಿನಕ್ಕೆ ಹಣ್ಣೆಲ್ಲ ಕೆಂಪಾಗುತ್ತದೆ, ಸ್ಟಿಕ್ಕರ್ ಕಿತ್ತ ಜಾಗದಲ್ಲಿ ಮಾತ್ರ ಅಕ್ಷರ ತಿಳಿಹಳದಿಯಾಗಿ ಉಳಿಯುತ್ತದೆ. ಭಾಗ್ಯ, ಆಯುಷ್ಯ, ಸಂಪತ್ತು, ನೆಮ್ಮದಿ, ಯಾರಿಗೆ ಏನು ಬೇಕೋ ಅದು. ಮದುವೆಗಾದರೆ ಜೋಡಿ ಹರ್ಷ, ಎರಡು ಸಂತೋಷ ಹೆಗಲಿಗೆ ಹೆಗಲು ಕೊಟ್ಟು ನಿಂತ ಅಕ್ಷರ.

ಅಂಟಿಸುವುದಕ್ಕೆ ನಾವು ಎಂಟು ಹೆಂಗಸರ ಗುಂಪು. ಯುನ್‌ಶಿಯಾ ನಮ್ಮ ಮುಂದಾಳು. ನಾನು ಅವಳಿಗಿಂತ ಆರು ವರ್ಷ ದೊಡ್ಡವಳು, ಗೋಡೆ ಪಕ್ಕದ ಮನೆಯವಳು, ಬಾಯಿ ಅವಳಿಗಿಂತ ನಾಲ್ಕು ಪಟ್ಟು ಜೋರು. ಆದರೂ ಮರದ ಕೆಳಗೆ ಅವಳು ಹೇಳಿದ್ದೇ ನಡೆಯಬೇಕು, ಅದರಲ್ಲಿ ನನಗೂ ತಕರಾರಿರಲಿಲ್ಲ. ಅವಳು ಹಣ್ಣಿನ ಮೇಲೆ ಒಂದು ಸಲ ‘ಹಾ’ ಎಂದು ಉಸಿರು ಬಿಟ್ಟು, ಅಂಗೈಯಲ್ಲಿ ಒರೆಸಿ, ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಹೋದಳೆಂದರೆ ಒಳಗೆ ಒಂದು ಗುಳ್ಳೆ ಗಾಳಿ ಉಳಿಯುತ್ತಿರಲಿಲ್ಲ. ನಾವು ಅಂಟಿಸಿದ ನೂರರಲ್ಲಿ ಹತ್ತಾದರೂ ಅಂಚು ಕೆಡುತ್ತಿದ್ದವು. ಅವಳದ್ದು ಹದಿನಾರು ವರ್ಷದಲ್ಲಿ ಒಂದೂ ಕೆಟ್ಟಿರಲಿಲ್ಲ. ಮದುವೆ ಮನೆಯವರು ಬಂದರೆ ಮೊದಲು ಕೇಳುತ್ತಿದ್ದುದು, “ಯುನ್‌ಶಿಯಾನೇ ಅಂಟಿಸ್ತಾರೆ ತಾನೆ?” ಎಂದು.

ಅವಳದ್ದೊಂದು ಕಟ್ಟುನಿಟ್ಟಿತ್ತು. ಅಕ್ಷರ ಅಂಟಿಸುವಾಗ ಮರದ ಕೆಳಗೆ ಕೆಟ್ಟ ಮಾತು ಆಡಕೂಡದು. ಬಿತ್ತು, ಒಡೆಯಿತು, ಹೋಯಿತು ಎನ್ನಕೂಡದು. ಒಮ್ಮೆ ನಾನು ನನ್ನ ಸೊಸೆಯ ಅಡುಗೆಯನ್ನು ಬೈಯುತ್ತ ಅಂಟಿಸುತ್ತಿದ್ದೆ.

“ಅಕ್ಕ, ಕೆಳಗಿಳಿ,” ಎಂದಳು.

“ಯಾಕೆ?”

“ನಿನ್ನ ಸೊಸೆ ಮೀನು ಸೀದುಹಾಕಿದ್ದು ಈ ಮದುಮಕ್ಕಳ ಹಣ್ಣಿಗೆ ಯಾಕೆ ಗೊತ್ತಾಗ್ಬೇಕು? ತೋಟದ ಆಚೆ ಕೂತು ಬೈದು ಮುಗಿಸಿ ಮೇಲೆ ಬಾ.”

ಇಳಿದು, ಬೈದು ಮುಗಿಸಿ, ಮತ್ತೆ ಹತ್ತಿದೆ. ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ, ಅವಳಿಗೆ ಅದು ತಮಾಷೆಯ ವಿಷಯವಾಗಿರಲಿಲ್ಲ.

ಅವಳಿಗೆ ಓದು ಬಾರದು. ಎರಡು ಚಳಿಗಾಲ ಶಾಲೆಗೆ ಹೋದದ್ದಷ್ಟೆ, ಅಲ್ಲಿ ಕಲಿತದ್ದು ಮರೆತೂ ಹೋಗಿತ್ತು. ಅವಳಿಗೆ ಗೊತ್ತಿದ್ದ ಅಕ್ಷರ ಒಟ್ಟು ಹನ್ನೊಂದು, ಹನ್ನೊಂದೂ ಸೇಬಿನ ಮೇಲಿನವು. ಲೋಕದಲ್ಲಿರುವ ಒಳ್ಳೆಯ ಮಾತುಗಳನ್ನು ಮಾತ್ರ ಓದಬಲ್ಲ ಹೆಂಗಸು ಅವಳು. ಗಂಡ ಸುಯ್ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು ಕೊಟ್ಟ ಕಾಗದವನ್ನು ಮೇಲಿಂದ ಕೆಳಕ್ಕೆ ಬೆರಳಿಟ್ಟು ಹುಡುಕಿ, “ಅಕ್ಕ, ಇದರಲ್ಲಿ ನಂಗೆ ಗೊತ್ತಿರೋದು ಒಂದೂ ಇಲ್ಲ,” ಎಂದಿದ್ದಳು. ಆ ತಿಂಗಳೇ ಅವನು ತೀರಿಕೊಂಡ. ಸುಯ್ ಕಲ್ಲು ಕೆಲಸದವನು, ದುಡಿಮೆಗಾರ, ಊರಿನವರ ಬಾಯಲ್ಲಿ ಒಳ್ಳೆಯವನು. ಕುಡಿದ ದಿನ ಹೇಗೆ ಎಂದು ಊರಿನವರು ಮಾತಾಡುತ್ತಿರಲಿಲ್ಲ.

ಇನ್ನೊಂದು ಹೇಳಬೇಕು. ಯುನ್‌ಶಿಯಾಳ ಎಡಗೈ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಬಟ್ಟಲು ಹಿಡಿದರೆ ಒಂದು ಕಡೆಗೆ ವಾಲುತ್ತದೆ. ಮದುವೆಯಾದ ಎರಡನೇ ವರ್ಷ ಏಣಿಯಿಂದ ಬಿದ್ದಳು ಎಂದು ಊರೆಲ್ಲ ಹೇಳುತ್ತಿತ್ತು. ಅದಕ್ಕೇ ಅವಳು ಬಲಗೈ ಒಂದರಲ್ಲೇ ಅಂಟಿಸುವುದನ್ನು ಕಲಿತದ್ದು.

ಅವಳಿಗೆ ಒಬ್ಬಳೇ ಮಗಳು, ನಿಂಗ್‌ನಿಂಗ್. ಕೋಲ್ಡ್ ಸ್ಟೋರೇಜಿನಲ್ಲಿ ಹಣ್ಣು ವಿಂಗಡಿಸುವ ಕೆಲಸ. ಚುರುಕು ಹುಡುಗಿ, ನಕ್ಕರೆ ಆಚೆ ಬೀದಿಗೆ ಕೇಳಬೇಕು. ಆ ಹುಡುಗಿಗೆ ಗಂಡು ನೋಡಿದವಳು ನಾನು. ನೋಡಿದೆ ಎನ್ನುವುದಕ್ಕಿಂತ ಹಿಡಿದು ತಂದೆ. ಪೇಟೆಯಲ್ಲಿ ಶುಭದ ಸಾಮಾನಿನ ಅಂಗಡಿ ಇಟ್ಟಿರುವ ಮನೆತನ. ಬಾಗಿಲಿಗೆ ಅಂಟಿಸುವ ಕೆಂಪು ಪಟ್ಟಿ, ಲಾಟೀನು, ಕತ್ತರಿಸಿದ ಕಾಗದದ ಹೂವು, ಹಬ್ಬಕ್ಕೆ ಏನೇನು ಬೇಕೋ ಎಲ್ಲ ಅಲ್ಲಿ. ಹುಡುಗ ಯೂ ಬಿನ್ ನೋಡಲು ಲಕ್ಷಣವಾಗಿದ್ದ. ನನ್ನನ್ನು ಕಂಡರೆ “ದೊಡ್ಡಮ್ಮ, ಕೂತ್ಕೊಳ್ಳಿ, ಟೀ ಕುಡೀರಿ,” ಎಂದು ಕುರ್ಚಿ ಎಳೆದು ಕೊಡುತ್ತಿದ್ದ. ನಿಶ್ಚಯವಾದ ದಿನ ಅವರು ನನಗೆ ಒಂದು ಹಂದಿ ತೊಡೆ, ಒಂದು ಜೊತೆ ಚರ್ಮದ ಶೂ ಕೊಟ್ಟರು. ಆ ಶೂ ಹಾಕಿಕೊಂಡು ಊರಿನ ಬೀದಿಯಲ್ಲಿ ಕಾರಣವಿಲ್ಲದೆ ಮೂರು ಸಲ ಓಡಾಡಿದೆ.

ಹುಡುಗನ ತಾಯಿಗೆ ಶಕುನದ ಹುಚ್ಚು. ಅಂಗಡಿಯಲ್ಲಿ ಮಾರುವುದನ್ನೆಲ್ಲ ತಾನೂ ನಂಬುತ್ತಿದ್ದಳು. ಸಾವು ಎಂದಂತೆ ಕೇಳಿಸುವ ನಾಲ್ಕು ಎಲ್ಲೂ ಬರಕೂಡದು, ಸಿರಿ ತರುವ ಎಂಟು ಎಲ್ಲಾ ಕಡೆ ಬರಬೇಕು. “ಸೇಬು ನೂರ ಎಂಬತ್ತೆಂಟು ಬೇಕು, ಪ್ರತಿ ಮೇಜಿಗೂ ಜೋಡಿ ಜೋಡಿ. ಬೀಗಿತ್ತಿಯ ಕೈಯಿಂದ್ಲೇ ಅಂಟಿಸಿದ್ದು ಆಗ್ಬೇಕು. ಅವರ ಕೈಗುಣ ಎಂಥದ್ದು ಅಂತ ಪೇಟೆಗೆಲ್ಲ ಗೊತ್ತು,” ಎಂದು ನನ್ನ ಹತ್ತಿರ ಹೇಳಿ ಕಳಿಸಿದಳು. ಮದುವೆ ಒಂಬತ್ತನೇ ತಿಂಗಳ ಹದಿನಾರಕ್ಕೆ ಗೊತ್ತಾಯಿತು.

ಯುನ್‌ಶಿಯಾ ಬಾವಿ ಪಕ್ಕದ ಮರವನ್ನು ಅದಕ್ಕೆಂದೇ ಬಿಟ್ಟಳು. ಅವಳ ತೋಟದಲ್ಲಿ ಅದರಂಥ ಮರ ಇನ್ನೊಂದಿಲ್ಲ. ನಮ್ಮನ್ನು ಯಾರನ್ನೂ ಹತ್ತಿರ ಸೇರಿಸಲಿಲ್ಲ, ಎರಡು ದಿನ ಒಬ್ಬಳೇ ಏಣಿ ಹತ್ತಿ ಇಳಿದು ನೂರ ಎಂಬತ್ತೆಂಟನ್ನೂ ಅಂಟಿಸಿದಳು. ಒಂದೊಂದಕ್ಕೂ ಏನೋ ಗೊಣಗುತ್ತಿದ್ದಳು. ಏನೇ ಅದು ಎಂದು ಕೇಳಿದರೆ ನಾಚಿಕೊಂಡು, “ಏನಿಲ್ಲ ಅಕ್ಕ, ಚೆನ್ನಾಗಿರ್ಲಿ ಅಂತ ಅಷ್ಟೇ,” ಎಂದಳು.

ಅಂಟಿಸಿದ ಎಂಟನೇ ದಿನ ನಾವು ಮೂವರು ಆ ಮರದ ಕೆಳಗಿದ್ದೆವು. ಹಣ್ಣಿಗೆ ನೆರಳು ಮಾಡುವ ಎಲೆಗಳನ್ನು ಕೀಳುವ ಕೆಲಸ. ನಿಂಗ್‌ನಿಂಗ್ ರಜೆ ಹಾಕಿ ಬಂದಿದ್ದಳು. ಕೈ ಎತ್ತಿ ಒಂದು ಕೊಂಬೆ ಎಳೆದಾಗ ಅವಳ ಹೂವಿನ ಬಟ್ಟೆಯ ತೋಳುಗವಸು ಒಣ ಕಡ್ಡಿಗೆ ಸಿಕ್ಕಿ ಮೊಣಕೈವರೆಗೆ ಸರಿಯಿತು. ಮಣಿಕಟ್ಟಿನ ಸುತ್ತ ನೀಲಿಗಟ್ಟಿತ್ತು. ಬೆಳ್ಳಿ ಹಾಳೆಯಿಂದ ಎದ್ದ ಬೆಳಕಿನಲ್ಲಿ ಅದು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ನನಗೆ ಕಣ್ಣು ತೆಗೆಯಲಾಗಲಿಲ್ಲ.

“ಏನೇ ಇದು?” ಯುನ್‌ಶಿಯಾ ಕೇಳಿದಳು.

“ಏಣಿಗೆ ಸಿಕ್ಕಾಕ್ಕೊಳ್ತಮ್ಮ.”

ಯುನ್‌ಶಿಯಾ ಏಣಿಯಿಂದ ಇಳಿದು ಬಂದಳು. ಮಗಳ ಕೈ ಹಿಡಿದು ತಿರುಗಿಸಿ ನೋಡಿದಳು. “ಏಣಿಗೆ ಐದು ಬೆರಳು ಇರ್ತಾವಾ?” ಎಂದಳು. ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಹುಡುಗಿ ಇನ್ನೊಂದು ಸುಳ್ಳು ಹೇಳುತ್ತಿದ್ದಳೋ ಏನೋ. ಆ ಮೆಲುದನಿಗೆ ಅವಳ ಕಣ್ಣಲ್ಲಿ ನೀರು ಬಂತು.

ಮದುವೆಯ ಫೋಟೋ ತೆಗೆಸಲು ಹೋದ ದಿನ ಕೋಲ್ಡ್ ಸ್ಟೋರೇಜಿನಿಂದ ಯಾರೋ ಪಾಳಿಯ ವಿಷಯಕ್ಕೆ ಫೋನ್ ಮಾಡಿದ್ದರಂತೆ. ಗಂಡಸಿನ ಧ್ವನಿ. ಯೂ ಬಿನ್ ಸ್ಟುಡಿಯೋದ ಬಟ್ಟೆ ಬದಲಿಸುವ ಕೋಣೆಗೆ ಎಳೆದುಕೊಂಡು ಹೋಗಿ ಕೈ ತಿರುಚಿದನಂತೆ. ಆಮೇಲೆ ಹೊರಗೆ ಬಂದು ಇಬ್ಬರೂ ನಗುತ್ತ ಫೋಟೋ ತೆಗೆಸಿಕೊಂಡರಂತೆ.

“ಆಮೇಲೆ ಕಾಲು ಹಿಡ್ಕೊಂಡು ಅತ್ತ ಅಮ್ಮ. ಇನ್ಮೇಲೆ ಮಾಡಲ್ಲ ಅಂದ.”

“ಎಷ್ಟನೇ ಸಲ ಅತ್ತಿದ್ದು?”

ಅವಳು ನೆಲ ನೋಡಿದಳು. “ಮೂರನೇದು.”

ಆಗ ನಾನು ಆಡಿದ ಮಾತು ನೆನೆದರೆ ಇವತ್ತು ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. “ಮದುವೆಗೆ ಮುಂಚೆ ಗಂಡುಹುಡುಗರಿಗೆ ಸ್ವಲ್ಪ ಬಿಸಿ ರಕ್ತ ಇರುತ್ತೆ ಕಣೇ. ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ,” ಎಂದೆ. ಹೇಳಿದ್ದು ನಾನಲ್ಲ, ನನ್ನ ಕಾಲಲ್ಲಿದ್ದ ಶೂ.

ಇಬ್ಬರೂ ನನ್ನ ಕಡೆ ನೋಡಲಿಲ್ಲ. ನಿಂಗ್‌ನಿಂಗ್ ತಾಯಿಗೇ ಹೇಳಿದಳು, “ಆಮಂತ್ರಣ ಎಲ್ಲಾ ಹೋಗಿದೆ. ಮಿಠಾಯಿ ಪೊಟ್ಟಣ ಕಟ್ಟಾಗಿದೆ. ಅಕ್ಷರಾನೂ ಅಂಟಿಸಿಬಿಟ್ಟಿದ್ದೀಯ. ಈಗ ನಾನು ಬೇಡ ಅಂದ್ರೆ ನೀನು ಊರಲ್ಲಿ ಮುಖ ಎತ್ಕೊಂಡು ಹೇಗಮ್ಮ ಓಡಾಡ್ತೀಯ? ಅಲ್ಲದೆ ಅವನು ಬಿಡ್ತಾನಾ? ನಾನು ಬಿಟ್ಟೆ ಅಂದ್ರೆ ಸ್ನೇಹಿತರನ್ನ ಕಟ್ಕೊಂಡು ಕೋಲ್ಡ್ ಸ್ಟೋರೇಜಿನ ಗೇಟಿಗೆ ಬರ್ತಾನೆ. ಹಾಗಂತ ಮೊದಲೇ ಹೇಳಿದಾನೆ.”

ಯುನ್‌ಶಿಯಾ ಬುತ್ತಿ ಬಿಚ್ಚಿ ಆವಿ ಬನ್ನು, ಈರುಳ್ಳಿ ಸೊಪ್ಪು, ಉಪ್ಪುಮೀನು ಮೂವರಿಗೂ ಕೊಟ್ಟಳು. ತಾನು ಬನ್ನಿನ ಒಂದೇ ಚೂರನ್ನು ಬಾಯಲ್ಲಿ ಹಾಕಿಕೊಂಡು ಎಷ್ಟೋ ಹೊತ್ತು ಅಗಿಯುತ್ತ ಮರವನ್ನೇ ನೋಡುತ್ತ ಕೂತಳು.

“ನಾವು ಬೇಡ ಅನ್ನಬಾರ್ದು,” ಎಂದಳು ಕೊನೆಗೆ. “ಅವರೇ ಬೇಡ ಅನ್ನಬೇಕು. ಹೆದರ್ಕೊಂಡು ಬೇಡ ಅನ್ನಬೇಕು.”

“ಅವರು ಯಾಕೆ ಅಂತಾರೆ?” ಎಂದೆ ನಾನು.

“ಅಕ್ಕ, ಈಗ ಸ್ಟಿಕ್ಕರ್ ಕಿತ್ತರೆ ಅಕ್ಷರದ ಜಾಗ ಕೆಂಪಾಗೋಕೆ ಎಷ್ಟು ದಿನ ಬೇಕು?”

“ಬಿಸಿಲು ಚೆನ್ನಾಗಿದ್ರೆ ಎಂಟು ದಿನ…” ಎಂದವಳು ಅಲ್ಲಿಗೇ ನಿಲ್ಲಿಸಿದೆ. ಅವಳ ತಲೆಯಲ್ಲಿದ್ದದ್ದು ನನಗೆ ಹೊಳೆಯಿತು. ಹಣ್ಣೆಲ್ಲ ಕೆಂಪಾಗಿದೆ, ಮದುವೆಯ ಅಕ್ಷರ ಮಾತ್ರ ಮೂಡಲೇ ಇಲ್ಲ. ಇದಕ್ಕಿಂತ ಕೆಟ್ಟ ಶಕುನ ಆ ಅಂಗಡಿಯಮ್ಮನಿಗೆ ಬೇರೆ ಬೇಕೆ? ಪೇಟೆಯವಳು, ತೋಟದ ಕೆಲಸ ಗೊತ್ತಿಲ್ಲದವಳು. ಓಡಿಹೋಗುತ್ತಾಳೆ.

“ನಿನಗೇನು ತಲೆ ಕೆಟ್ಟಿದೆಯಾ?” ಎಂದು ಕೂಗಿದೆ. “ಸ್ವಂತ ಮಗಳ ಮದುವೆಗೆ ಯುನ್‌ಶಿಯಾಳ ಅಕ್ಷರ ಮೂಡಲಿಲ್ಲ ಅಂತಾದ್ರೆ ನಾಳೆಯಿಂದ ಯಾವ ಮದುವೆ ಮನೆಯೋರು ನಿನ್ನನ್ನ ಹತ್ತಿರ ಸೇರಿಸ್ತಾರೆ? ಹದಿನಾರು ವರ್ಷದ ಹೆಸರು! ಒಂದು ಮಣಿಕಟ್ಟು ನೀಲಿಯಾಯ್ತು ಅಂತ…”

ಯುನ್‌ಶಿಯಾ ತನ್ನ ಎಡಗೈಯನ್ನು ನನ್ನ ಮುಖದ ಮುಂದೆ ಚಾಚಿದಳು. ತಿರುಗಿಸಲು ನೋಡಿದಳು. ಅದು ಅರ್ಧಕ್ಕೇ ನಿಂತಿತು.

“ನಾನು ಏಣಿಯಿಂದ ಬಿದ್ದೆ ಅಂತ ಬಾವಿ ಕಟ್ಟೇಲಿ ಎಲ್ಲರಿಗೂ ಹೇಳಿದ್ದು ಯಾರಕ್ಕ?”

ನಾನು ಕಾಲಲ್ಲಿದ್ದ ಶೂ ನೋಡಿಕೊಂಡೆ.

“ನೀನೇ. ಹಿಂದಿನ ಸಾಯಂಕಾಲ ಗೋಡೆ ಆಚೆ ಕೂತು ಎಲ್ಲಾ ಕೇಳಿಸ್ಕೊಂಡೋಳೂ ನೀನೇ. ನಾನು ಏಣಿ ಅಂದೆ, ನೀನು ಏಣಿ ಅಂದೆ, ಆಮೇಲೆ ಅದು ಏಣೀನೇ ಆಗೋಯ್ತು. ನನ್ನ ಮದುವೆಗೆ ಮುಂಚೇನೇ ಸುಯ್ ಒಂದು ಸಲ ಕೈ ಮಾಡಿದ್ದ. ನಮ್ಮಮ್ಮನಿಗೆ ಹೇಳ್ದೆ. ಮದುವೆಗೆ ಜೋಡಿ ಮೀನಿನ ಆಕಾರದ ಬನ್ನು ಬೇಯಿಸಾಗಿದೆ, ಕೆಂಪು ಚುಕ್ಕಿ ಇಟ್ಟಾಗಿದೆ, ಇನ್ನೇನು ಮಾಡೋದು ಅಂದ್ಳು. ಬನ್ನು ತಾನೆ ಅಕ್ಕ? ನಾಯಿಗೆ ಹಾಕಬಹುದಿತ್ತು.”

ಇಪ್ಪತ್ತೊಂಬತ್ತು ವರ್ಷ ಅವಳು ಈ ಮಾತು ಎತ್ತಿರಲಿಲ್ಲ. ದಿನಾ ನನ್ನ ಮನೆಯ ಸೋಯಾ ಕಾಳಿನ ಗೊಜ್ಜು ಕೇಳಿ ಪಡೆದಿದ್ದಾಳೆ, ನನ್ನ ಮೊಮ್ಮಗನನ್ನು ಆಡಿಸಿದ್ದಾಳೆ, ಒಂದು ದಿನವೂ ಎತ್ತಿರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅವತ್ತು ಗೋಡೆಯಾಚೆ ಕೂತಿದ್ದ ನನಗೆ ಇಪ್ಪತ್ತೊಂಬತ್ತು ವಯಸ್ಸು. ಕೇಳಿಸಿತ್ತು, ಎಲ್ಲವೂ ಕೇಳಿಸಿತ್ತು.

ನಾನು ಶೂ ಕಳಚಿ ಬಾವಿಯ ಪಕ್ಕ ಇಟ್ಟು ಏಣಿ ಹತ್ತಿದೆ. ಆ ಮಧ್ಯಾಹ್ನ, ಮರುದಿನ ಮಧ್ಯಾಹ್ನ, ಊರೆಲ್ಲ ಉಂಡು ಒರಗುವ ಹೊತ್ತಿನಲ್ಲಿ ಮೂವರೂ ಸೇರಿ ಸ್ಟಿಕ್ಕರ್ ಕಿತ್ತೆವು. ಗುಂಪಿನ ಹೆಂಗಸರನ್ನು ಯುನ್‌ಶಿಯಾ ಆಚೆ ಗುಡ್ಡದ ತೋಟಕ್ಕೆ ಕಳಿಸಿದ್ದಳು. ಕಿತ್ತ ಜಾಗದಲ್ಲಿ ಅಕ್ಷರ ಆಗಲೇ ಎಷ್ಟು ಚೆಂದವಾಗಿ ಮೂಡಿತ್ತೆಂದರೆ ಒಂದೊಂದನ್ನೂ ಒಂದು ಗಳಿಗೆ ನೋಡಿಯೇ ಮುಂದಿನದಕ್ಕೆ ಕೈ ಹಾಕುತ್ತಿದ್ದೆ. ನಿಂಗ್‌ನಿಂಗ್ ಒಂದೊಂದು ಕೀಳುವಾಗಲೂ “ಕ್ಷಮಿಸಮ್ಮ,” ಎನ್ನುತ್ತಿದ್ದಳು. ನಾಲ್ಕೈದು ಸಲ ಕೇಳಿ ಯುನ್‌ಶಿಯಾ ಗದರಿದಳು, “ಬಾಯಿ ಮುಚ್ಕೊಂಡು ಕೀಳು. ಅಕ್ಷರದ ಮುಂದೆ ಅಳಬಾರ್ದು ಅಂತ ಗೊತ್ತಿಲ್ವಾ?”

ಆಮೇಲೆ ಬಿಸಿಲಿಗೆ ಕಾಯುವುದು. ಮೊದಲ ಎರಡು ದಿನ ಬಿಸಿಲು ಚುರುಕಾಗಿತ್ತು. ಮೂರನೇ ದಿನ ಸಮುದ್ರದ ಕಡೆಯಿಂದ ಮೋಡ ಬಂದು ಗುಡ್ಡದ ಮೇಲೆ ಕೂತಿತು. ಹದಿನಾರು ವರ್ಷ ಅಕ್ಷರ ಮೂಡಲಿ ಎಂದು ಬಿಸಿಲು ಬೇಡಿದವಳು ಈಗ ಅಳಿಸಲಿ ಎಂದು ಬೇಡುತ್ತಿದ್ದಳು. ಗಳಿಗೆಗೊಮ್ಮೆ ಅಂಗಳಕ್ಕೆ ಬಂದು ಆಕಾಶ ನೋಡುವಳು, ಒಳಗೆ ಹೋಗುವಳು. ನನ್ನ ಗಂಡ, “ಅವಳಿಗೇನು ಮಗಳ ಮದುವೆ ಸಂಭ್ರಮಾನೋ, ಹೊಟ್ಟೆನೋವೋ?” ಎಂದು ಕೇಳಿದ. ಎರಡೂ ಎಂದೆ. ಐದನೇ ದಿನ ಮೋಡ ಹರಿಯಿತು. ಹತ್ತನೇ ದಿನಕ್ಕೆ ಹಣ್ಣು ಸುತ್ತಲೂ ಕೆಂಪು. ಎಲ್ಲಿ ಅಕ್ಷರವಿತ್ತು ಎಂದು ಅಂಟಿಸಿದವಳಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಾಗುವಂತಿರಲಿಲ್ಲ.

ನಿಂಗ್‌ನಿಂಗ್‌ಳನ್ನು ಚಿಕ್ಕಮ್ಮನ ಊರಿಗೆ ಕಳಿಸಿ ನಾನು ಪೇಟೆಗೆ ಹೋದೆ. ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಮದುವೆ ಕುದುರಿಸುವವಳು ನಾನು. ಅಂಗಡಿಯಲ್ಲಿ ಉಸಿರು ಬಿಡುತ್ತ ಕೂತು, “ತಾಯಿ, ಏನು ಹೇಳ್ಲಿ, ಈವತ್ತು ಬೆಳಿಗ್ಗೆ ಸ್ಟಿಕ್ಕರ್ ಕಿತ್ತು ನೋಡಿದ್ರೆ…” ಎಂದು ಅರ್ಧಕ್ಕೇ ನಿಲ್ಲಿಸಿದೆ. ಉಳಿದರ್ಧ ಅವಳ ಮುಖದಲ್ಲೇ ಕಾಣಿಸಿತು. ಆ ಗಳಿಗೆಯೇ ಮಗನಿಗೆ ಕಾರು ತೆಗೆಯಲು ಹೇಳಿದಳು.

ಯೂ ಬಿನ್ ತೋಟದ ಅಂಚಿನಲ್ಲಿ ಕಾರು ನಿಲ್ಲಿಸಿ ಅಲ್ಲೇ ಫೋನು ನೋಡುತ್ತ ಕೂತ. “ದೊಡ್ಡಮ್ಮ, ಕಾಲು ಜಾರೀತು, ನಿಧಾನ,” ಎಂದು ನನಗೆ ಉಪಚಾರ ಬೇರೆ. ಅವನ ತಾಯಿ ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಬೆಳ್ಳಿ ಹಾಳೆಗೆ ತೂತು ಮಾಡುತ್ತ ಮರದ ಸುತ್ತ ನಡೆದಳು. ಒಂದು ಹಣ್ಣು ತಿರುಗಿಸಿದಳು, ಇನ್ನೊಂದು ತಿರುಗಿಸಿದಳು.

“ಒಂದೂ ಇಲ್ವಾ?”

“ಒಂದೂ ಇಲ್ಲ ತಾಯಿ,” ಎಂದೆ.

“ಬೀಗಿತ್ತಿ, ಏನಾಯ್ತು ಇದು? ನೀವೇ ಹೇಳಿ.”

ಯುನ್‌ಶಿಯಾ ತಲೆ ಬಗ್ಗಿಸಿ ನಿಂತಿದ್ದಳು. “ಹದಿನಾರು ವರ್ಷದಲ್ಲಿ ನನ್ನ ಅಕ್ಷರಕ್ಕೆ ಯಾವತ್ತೂ ಹೀಗಾಗಿರ್ಲಿಲ್ಲ,” ಎಂದಳು. ಅದು ಸತ್ಯವೇ. ಅವಳಿಂದ ಸುಳ್ಳು ಹೇಳಿಸಲು ಆಗುತ್ತಿರಲಿಲ್ಲ.

ಆಗಲೇ ನಾನು ಅದನ್ನು ಕಂಡದ್ದು. ನನ್ನ ಮೂಗಿನ ಎತ್ತರದಲ್ಲಿ, ಎರಡು ಎಲೆಗಳ ಹಿಂದೆ, ಒಂದು ಹಣ್ಣು. ಸ್ಟಿಕ್ಕರ್ ಇನ್ನೂ ಅದರ ಮೇಲೇ ಇತ್ತು. ನೂರ ಎಂಬತ್ತೆಂಟರಲ್ಲಿ ಒಂದನ್ನು ಬಿಟ್ಟುಬಿಟ್ಟಿದ್ದೆವು. ಅಂಗಡಿಯಮ್ಮ ಮರ ಸುತ್ತಿ ಅದೇ ಕಡೆಗೆ ಬರುತ್ತಿದ್ದಳು. ಇದೊಂದು ಅವಳ ಕಣ್ಣಿಗೆ ಬಿದ್ದರೆ ಮುಗಿಯಿತು. ಇದು ಮೂಡಿದೆ, ಉಳಿದವು ಯಾಕೆ ಮೂಡಲಿಲ್ಲ ಎನ್ನುತ್ತಾಳೆ, ಇಲ್ಲವೇ ಒಂದಾದರೂ ಮೂಡಿತಲ್ಲ, ದೇವರ ಮನಸ್ಸಿದೆ ಎನ್ನುತ್ತಾಳೆ. ಯಾವುದಾದರೂ ನಿಂಗ್‌ನಿಂಗ್ ಸಿಕ್ಕಿಬಿದ್ದ ಹಾಗೆಯೇ.

ಕೈ ಹಾಕಿ ಹಣ್ಣು ತಿರುಚಿದೆ. ಸ್ಟಿಕ್ಕರ್ ಕಳಚಿ ನನ್ನ ಅಂಗೈಗೆ ಬಂತು. ಕೆಳಗೆ ಜೋಡಿ ಹರ್ಷ. ಅದನ್ನು ಒಂದೇ ಒಂದು ಸಲ ಕಣ್ತುಂಬ ನೋಡಿ, ಬಾಯಿ ಎಷ್ಟು ಅಗಲ ತೆರೆಯುವುದೋ ಅಷ್ಟು ತೆರೆದು ಕಚ್ಚಿದೆ. ಒಂದು ಬಾಯಿಗೆ ಅಕ್ಷರ ಮುಗಿಯಲಿಲ್ಲ. ಎರಡನೇ ಸಲ ಕಚ್ಚಿದೆ.

“ಇದೇನು ನೀವು, ಇಂಥ ಹೊತ್ತಲ್ಲಿ ತಿಂತಾ ನಿಂತಿದ್ದೀರಾ?” ಅಂಗಡಿಯಮ್ಮ ಕಣ್ಣರಳಿಸಿದಳು.

ಬಾಯ್ತುಂಬ ಹಣ್ಣು. “ಸಂಕಟ ಆದ್ರೆ ನಂಗೆ ಹಸಿವಾಗುತ್ತೆ ತಾಯಿ,” ಎಂದೆ. ರಸ ಗಲ್ಲದ ಮೇಲೆ ಇಳಿಯಿತು. ಯುನ್‌ಶಿಯಾ ನನ್ನನ್ನೇ ನೋಡುತ್ತಿದ್ದಳು. ನನ್ನ ಮುಷ್ಟಿಯೊಳಗಿಂದ ಸ್ಟಿಕ್ಕರಿನ ತುದಿ ಕಾಣುತ್ತಿತ್ತು. ಅವಳಿಗೆ ಅರ್ಥವಾಯಿತು. ಮುಖದಲ್ಲಿ ಒಂದು ಗೆರೆಯೂ ಅಲುಗಿಸಲಿಲ್ಲ.

ಅಂಗಡಿಯಮ್ಮ ಆ ಮರದ ಕೆಳಗೇ ಸಂಬಂಧ ಮುರಿದಳು. “ನನ್ನ ಒಬ್ಬನೇ ಮಗನ ಬಾಳು, ನಾನು ಕಣ್ಣಾರೆ ಕಂಡು ಬಾವಿಗೆ ತಳ್ಳಲ್ಲ. ನಿಮ್ಮ ಮಗಳಲ್ಲಿ ಏನಿದೆಯೋ, ನಿಮ್ಮ ಕೈಯಲ್ಲಿ ಏನಿದೆಯೋ, ನಮ್ಮ ಮನೆಗೆ ಬೇಡ,” ಎಂದು ಹೋದಳು. ಕೊಟ್ಟದ್ದು ತಂದದ್ದು ಆ ವಾರವೇ ಅತ್ತಿತ್ತ ಹಿಂದಿರುಗಿತು. ಶೂಗಳನ್ನು ನಾನೇ ಒಯ್ದು ಅಂಗಡಿಯ ಮೆಟ್ಟಿಲ ಮೇಲಿಟ್ಟು ಬಂದೆ. ತಾಯಿಯ ಶಕುನದ ಮುಂದೆ ಮಗನ ಗರ್ಜನೆ ನಡೆಯಲಿಲ್ಲ. ಗೇಟಿಗೂ ಬರಲಿಲ್ಲ, ಊರಿಗೂ ಬರಲಿಲ್ಲ. ನಿಂಗ್‌ನಿಂಗ್ ಮುಂದಿನ ವಸಂತದಲ್ಲಿ ವೆಯ್‌ಹಾಯ್‌ಗೆ ಹೋಗಿ ಅಲ್ಲೊಂದು ಮೀನಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ ಆದಳು. ಈಗಲೂ ನಕ್ಕರೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕು.

ಬೆಲೆ ತೆತ್ತವಳು ಯುನ್‌ಶಿಯಾ. ಅಂಗಡಿಯಮ್ಮ ಗಿರಾಕಿಗಳಿಗೆಲ್ಲ ಲಾಟೀನು ಕಟ್ಟಿಕೊಡುತ್ತ ಕಥೆಯನ್ನೂ ಕಟ್ಟಿಕೊಟ್ಟಳು. ಮರುವರ್ಷ ಮದುವೆಯ ಕೆಲಸ ಒಂದೂ ಅವಳಿಗೆ ಬರಲಿಲ್ಲ. ಆಯುಷ್ಯದ ಅಕ್ಷರಕ್ಕೂ ಅವಳನ್ನು ಕರೆಯಲಿಲ್ಲ, ಅಜ್ಜ ಅಜ್ಜಿಯರ ಹುಟ್ಟುಹಬ್ಬದ ವಿಷಯ ಅಲ್ಲವೆ, 'ಅವಳು ಬೇಡ' ಎಂದರು. ಗುಂಪಿನ ಹೆಂಗಸರು ಮೊದಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ನನ್ನನ್ನು ಮುಂದಾಳು ಮಾಡಿದರು. ನಾನು ಒಪ್ಪಿಕೊಂಡೆ. ಯುನ್‌ಶಿಯಾಳೇ ಒಪ್ಪಿಕೋ ಎಂದಳು ಎಂಬುದು ನಿಜ, ಆದರೆ ಅವಳು ಹೇಳದಿದ್ದರೂ ಒಪ್ಪುತ್ತಿದ್ದೆ ಎಂಬುದೂ ನಿಜ. ಅವಳು ಹೆಚ್ಚಾದ ಹೂವು ತರಿಯುವುದಕ್ಕೆ, ಚೀಲ ಕಟ್ಟುವುದಕ್ಕೆ ಹೋಗುತ್ತಾಳೆ. ಅಕ್ಷರ ಅಂಟಿಸುವ ಹದಿನೈದು ದಿನ ಮನೆಯಲ್ಲಿ ಉಪ್ಪಿನಕಾಯಿ ಭರಣಿ ತೊಳೆಯುತ್ತಾಳೆ. ತೊಳೆದ ಭರಣಿಯನ್ನೇ ತೊಳೆಯುವುದನ್ನು ಗೋಡೆಯ ಮೇಲಿಂದ ನೋಡಿದ್ದೇನೆ.

ಎರಡನೇ ವರ್ಷ ಯೂ ಬಿನ್‌ಗೆ ಬೇರೆ ಹುಡುಗಿ ನಿಶ್ಚಯವಾಯಿತು. ಸೇಬಿಗೆ ನಮ್ಮ ಗುಂಪನ್ನೇ ಕರೆದರು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ: ನಾನು ಅಂಟಿಸಿದೆ. ಬಾಯಿಬಿಟ್ಟರೆ ಯುನ್‌ಶಿಯಾಳ ಗುಟ್ಟು ರಟ್ಟಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದೇ ಯುನ್‌ಶಿಯಾ ಎಂಟು ಮೈಲಿ ನಡೆದು ಆ ಹುಡುಗಿಯ ಮನೆಗೆ ಹೋಗಿದ್ದಳು. ಬಾಗಿಲಲ್ಲಿ ಹೆಸರು ಹೇಳಿದೊಡನೆ ಹುಡುಗಿಯ ಅಜ್ಜಿ, “ಮದುವೆ ಮನೆಗೆ ಯಾಕೆ ಬಂದೆ, ನಡೀ ಆಚೆ,” ಎಂದು ನೀರು ಚೆಲ್ಲಿ ಓಡಿಸಿದಳಂತೆ. ಅವಳು ಒದ್ದೆ ಪ್ಯಾಂಟಿನಲ್ಲೇ ವಾಪಸು ಬಂದಳು. ಆ ಮದುವೆಯ ಸೇಬಿನ ಮೇಲೆ ಜೋಡಿ ಹರ್ಷ ಒಂದೂ ಬಿಡದೆ ಚೆನ್ನಾಗಿ ಮೂಡಿತು. ನನ್ನ ಕೈಗುಣವನ್ನು ಎಲ್ಲರೂ ಹೊಗಳಿದರು.

ಮೊನ್ನೆ ಬಂದ ಸುದ್ದಿ ಆ ಹುಡುಗಿಯದೇ. ತೋಳಿಗೆ ಪ್ಲಾಸ್ಟರ್ ಹಾಕಿಸಿಕೊಂಡು ತವರಿಗೆ ಬಂದಿದ್ದಾಳೆ. ಮೆಟ್ಟಿಲಿನಿಂದ ಬಿದ್ದೆ ಎನ್ನುತ್ತಾಳಂತೆ. ಅವಳ ಅಜ್ಜಿಯೂ ಹಾಗೆಯೇ ಹೇಳುತ್ತಾಳಂತೆ.

ಕೇಳಿದ ಕೂಡಲೇ ಗೋಡೆ ಸುತ್ತಿ ಯುನ್‌ಶಿಯಾಳ ಅಂಗಳಕ್ಕೆ ಹೋದೆ. ಅವಳು ಹೊಸಿಲ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಸುದ್ದಿ ಹೇಳಿದೆ. ಅವಳ ಕೈ ನಿಂತಿತು.

“ನಾನು ನಾಳೆ ಅವರ ಮನೆಗೆ ಹೋಗ್ತೀನಿ,” ಎಂದೆ. “ನಂಗೆ ಯಾರೂ ನೀರು ಚೆಲ್ಲಲ್ಲ, ನನ್ನ ಕೈ ಒಳ್ಳೇದಲ್ವಾ? ಅದು ಮೆಟ್ಟಿಲಲ್ಲ ಅಂತ ಹೇಳ್ತೀನಿ. ಸೇಬಿಂದು, ಸ್ಟಿಕ್ಕರಿಂದು, ಏಣೀದು, ಎಲ್ಲಾ ಹೇಳಿಬಿಡ್ತೀನಿ. ನೀನು ಬೇಡ ಅಂದ್ರೂ ಹೇಳ್ತೀನಿ.”

“ಹೇಳು,” ಎಂದಳು. “ಬೆಳಿಗ್ಗೆ ಬೇಗ ಹೋಗು. ಆ ಹುಡುಗಿ ಒಬ್ಬಳೇ ಇರೋವಾಗ ಮೊದಲು ಅವಳಿಗೆ ಹೇಳು.”

ನಾನು ಪಕ್ಕದಲ್ಲಿ ಕೂತು ಬೀನ್ಸ್ ತೆಗೆದುಕೊಂಡೆ. ಬುಟ್ಟಿ ಅರ್ಧ ತುಂಬಿದ ಮೇಲೆ ಅವಳು ತಲೆ ಎತ್ತದೆ ಕೇಳಿದಳು. ಆರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

“ಅಕ್ಕ, ಅವತ್ತು ನೀನು ತಿಂದ ಹಣ್ಣು… ಅದರ ಮೇಲೆ ಅಕ್ಷರ ಹೇಗೆ ಬಂದಿತ್ತು?”

“ಅಂಚು ಕೂಡ ಕೆಟ್ಟಿರ್ಲಿಲ್ಲ ಕಣೇ,” ಎಂದೆ. “ನನ್ನ ಜನ್ಮದಲ್ಲಿ ಅಷ್ಟು ಚೆಂದದ್ದು ನೋಡಿಲ್ಲ.”

“ಹೌದಾ?” ಎಂದಳು. ಒಂದು ಬೀನ್ಸ್ ಬಿಡಿಸಿ ಬುಟ್ಟಿಗೆ ಹಾಕಿದಳು. “ಅನ್ಕೊಂಡಿದ್ದೆ. ಆ ಕಡೆ ಬಿಸಿಲು ಚೆನ್ನಾಗಿ ಬೀಳ್ತಿತ್ತು.”